ಏಳನೇ ಕಂಬ

ಇವರ ಹಳೇ ಬೂಟು, ಎಂಟನೇ ನಂಬರು.
ಮೂತಿಯೊಳಗ ಕೂಸಿನ ಹರಕು ದುಪಟಿ ತುರುಕಿ
ಲೇಸು ಬಿಗಿದೆ. ಬೆಳಗಿನ ಐದೂಕಾಲು.
ಆರು ತಿಂಗಳ ಮುಕ್ತಿ ಈಗಷ್ಟ ಎದಿ ಬಿಟ್ಟು
ಬರೇ ಗಾಳಿ ಚೀಪಕೋತ ನಿದ್ದಿಗೆ ಜಾರ್ಯಾಳ.
ನನ್ನ ಕೈಯಾಗ ಇಪ್ಪತ್ತು ನಿಮಿಷ,
ಹೆಚ್ಚಂದ್ರ ಇಪ್ಪತ್ತೆರಡು.

"ಬಾಣಂತಿ ನಡಾ ಅಂದ್ರ ಹಸಿ ಮಡಿಕಿ,"
ಮೊದಲನೇ ದಿನ ಅತ್ತಿ ಬಾಗಿಲಕ್ಕ ಅಡ್ಡ ನಿಂತಿದ್ದರು.
"ಯಾರರ ಬೆನ್ನ ಹತ್ಯಾರೇನು ನಿನಗ?"
ನನ್ನ ಕಡೆ ಉತ್ತರ ಇರಲಿಲ್ಲ.
ಆಮ್ಯಾಲ ತಮ್ಮದೊಂದು ಸವದ ಸೀರಿ ಉದ್ದಕ್ಕ ಸೀಳಿ
ಹೊಟ್ಟಿಗೆ ಮೂರು ಸುತ್ತು ಸುತ್ತಿ
ಬೆನ್ನಿಗೆ ಮೊಳಕಾಲು ಒತ್ತಿ ಗಂಟು ಜಗ್ಗಿದರು.
"ಹೋಗು. ನಾಕು ಸೀಟಿ ಆಗೂದರೊಳಗ ಬಾ."
ಆರರ ಪಾಳಿಗೆ ಇವರ ಡಬ್ಬಿ,
ಡಬ್ಬಿಗೆ ಬ್ಯಾಳಿ, ಬ್ಯಾಳಿಗೆ ನಾಕು ಸೀಟಿ.

ಅವತ್ತ ಎರಡು ಕಂಬ ಓಡಿದೆ.
ಎರಡೇ.
ಮೂರನೇದರ ಬುಡದಾಗ ಬಗ್ಗಿ ನಿಂತರ
ಎದಿ ರೊಟ್ಟಿ ಬಡದಂಗ ಬಡಕೋತಿತ್ತು,
ಪಕ್ಕಡಿ ಹಿಡದಿತ್ತು,
ಮತ್ತ ಕೆಳಗ (ಹೇಳಬಾರದು, ಆದರೂ ಹೇಳತೀನಿ)
ಚಡ್ಡಿ ತೊಯ್ದಿತ್ತು.
ಹಡದ ಮೈ ಸೀನಿದರೂ ಸೋರತೈತಿ, ನಕ್ಕರೂ.
ಇದನ್ನ ಡಾಕ್ಟರು ಚೀಟ್ಯಾಗ ಬರದಿರಲಿಲ್ಲ,
ನಮ್ಮವ್ವನೂ ಅಂದಿರಲಿಲ್ಲ.

ನವನಗರದ ರಸ್ತೆ ಅಗಲ. ಸೆಕ್ಟರಿಗೊಂದು ನಂಬರು,
ತಿರುವಿಗೊಂದು ಬೇವು, ಬೇವಿಗೊಂದು ನಾಯಿ.
ಪೊಲೀಸ್ ಭರ್ತಿಗೆ ತಯಾರಿ ನಡಸಿದ ಹುಡುಗರು
ಹಿಂಡಾಗಿ ಹಾದು ಹೋದರ ಬೆವರಿನ ಗಾಳಿ ಬೀಸತೈತಿ.
ಅವರ ಹಿಂದ ಒಬ್ಬಾಕಿನ ಬರತಾಳ ಸೋನಾಬಾಯಿ,
ತಾಂಡಾದಿಂದ ಬಂದು ಹಾಸ್ಟೆಲಿನಾಗ ಇದ್ದಾಕಿ,
ಬರಿಗಾಲು, ಮುಷ್ಟ್ಯಾಗ ಗಡಿಯಾರ.
ಮೂರು ವಾರ ನನ್ನ ನೋಡಿ ನೋಡಿ
ಒಂದಿನ ಓಡಕೋತನ ಅಂದಳು:
"ಅಕ್ಕಾರ, ಅಷ್ಟ ಜೋರು ಬ್ಯಾಡ್ರಿ.
ಮಾತಾಡಾಕ ಬರುವಷ್ಟು ಮೆಲ್ಲಕ ಓಡ್ರಿ."
ಯಾರ ಜೋಡಿ ಮಾತಾಡಲಿ, ಅಂದೆ.
ಅಷ್ಟರಾಗ ಆಕಿ ತಿರುವು ದಾಟಿದ್ದಳು.

ಹಿಂಗಾಗಿ ನಿನ್ನ ಜೋಡಿನ ಮಾತಾಡತೀನಿ, ಮುಕ್ತಿ.
ಮೂರನೇ ಕಂಬ: ಗುರುವಾರ ನಿನಗ ಸೂಜಿ ಚುಚ್ಚಿಸೂದೈತಿ.
ನಾಕು: ನಿನ್ನೆ ರಾತ್ರಿ ಎರಡೂವರಿಗೆ ನೀ ಅತ್ತಾಗ
ನಾ ಹೊದಿಕಿಯೊಳಗ ಹಲ್ಲು ಕಡದೆ.
ಅದು ನಿನಗ ಗೊತ್ತಾಗಬಾರದಾಗಿತ್ತು.
ಐದು: ರಜಾ ಎಂದ ಮುಗೀತೈತಿ ಅಂತ ಬ್ಯಾಂಕಿನವರು ಕೇಳ್ಯಾರ.
ಆರು:
ಏನೂ ಇಲ್ಲ. ಉಸಿರು, ಅಷ್ಟ.

ಏಳನೇ ಕಂಬದಾಚೆ ಇಳಿಜಾರು, ಅದರ ಕೆಳಗ ಹಿನ್ನೀರು.
ಹಳೇ ಬಾಗಲಕೋಟಿಯೊಳಗ ಅತ್ತಿ ಆಡಿ ಬೆಳೆದ ಓಣಿ
ಆ ನೀರಿನ ತಳದಾಗ ಐತಿ.
ಅದಕ್ಕ ಈ ಮನಿ ಹೊಸ್ತಿಲು ಮೊಳ ಎತ್ತರ,
ಗೌಂಡಿ ನಕ್ಕರೂ ಕೇಳದ ಕಟ್ಟಿಸ್ಯಾರ.

ಇವತ್ತ ಅಲ್ಲಿ ತನಕ ಬಂದೆ. ನಿಲ್ಲದ.
ಇನ್ನೂ ಕೈ ಎತ್ತಿ ಕಂಬ ಮುಟ್ಟಿರಲಿಲ್ಲ,
ಯಾರದೋ ಮಾಳಗಿ ಮ್ಯಾಲೆ ಯಾವುದೋ ಕೂಸು ಅತ್ತಿತು.
ನನ್ನದಲ್ಲ. ನನ್ನದು ಅಷ್ಟು ದಪ್ಪ ದನಿಲೆ ಅಳೂದಿಲ್ಲ.
ನನಗ ಗೊತ್ತು. ಎದಿಗೆ ಯಾರು ತಿಳಿಸಿ ಹೇಳಬೇಕು?
ತೊರಿ ಬಿಟ್ಟಿತು.
ಅಂಗಿ ದಾಟಿ, ಅತ್ತಿಯ ಸೀರಿಪಟ್ಟಿ ತನಕ
ಬೆಚ್ಚಗ ಇಳೀತು ಹಾಲು.

ತಿರುಗಿದೆ.
ಕಂಬ ಎಣಿಸಲಿಲ್ಲ. ಬೇವು, ನಾಯಿ, ಬೇವು,
ಬೊಗಳಾಕ ಬಾಯಿ ತೆಗದ ನಾಯಿ ತೆಗದಂಗ ಉಳೀತು.
"ಅಕ್ಕಾರ, ಮೆಲ್ಲಕ!" ಅನ್ನೂದು
ಬೆನ್ನ ಹಿಂದಿನಿಂದ ಬಂತು.
ಸೋನಾಬಾಯಿ, ನನ್ನ ಹಿಂದ!

ಗೇಟು ತಗದಾಗ ಎರಡನೇ ಸೀಟಿ.
ಒಳಗ ಮುಕ್ತಿ ಮಲಗೇ ಇದ್ದಳು,
ಕೈ ಎರಡೂ ತಲಿ ಮ್ಯಾಲೆ, ಯಾರಿಗೋ ಶರಣಾದವರಂಗ.
ಅಡಗಿ ಮನಿಯಿಂದ ಅತ್ತಿ ಹಣಿಕಿದರು.
"ಯಾಕ, ಯಾರರ ಬೆನ್ನ ಹತ್ತಿದ್ದರೇನು?"
"ಹಾಲು," ಅಂದೆ.
ತೊಯ್ದ ಅಂಗಿ ನೋಡಿದರು. ನಗಲಿಲ್ಲ.
ಅವರ ಸೆರಗಿನ ಹಿಂದ ಕಂಡಿತು ಒಲಿ:
ಉರಿ ಇಷ್ಟ ಸಣ್ಣ, ಬೆರಳ ಉಗುರಿನಷ್ಟು.
ದಿನಾಲೂ ಹಂಗ ಇಡತಿದ್ದರೇನೋ.

ಇನ್ನೂ ಎರಡು ಸೀಟಿ ಉಳದಿದ್ದವು.
ಮೊಳದೆತ್ತರದ ಹೊಸ್ತಿಲ ಮ್ಯಾಲೆ ಕುಂತೆ.
ಬೂಟು ಬಿಚ್ಚಲಿಲ್ಲ.