ಕಳೆ

ಈ ಸಲವೂ ನನಗೇ ಬಂತು ಗಣತಿ ಡ್ಯೂಟಿ.
ಸೀಗೆಹಟ್ಟಿ, ನೂರ ಮೂವತ್ತೇಳು ಮನೆ,
ಬಾಗಿಲ ಮೇಲೆ ಮೊದಲೇ ಕೆಂಪು ಬಣ್ಣದಲ್ಲಿ ಬರೆದ ನಂಬರು.

ಹಿಂದಿನ ಸಲದ ಪ್ರಮಾಣಪತ್ರ ಇನ್ನೂ ಗೋಡೆಯಲ್ಲಿದೆ:
ಶ್ರೀಮತಿ ವಾರಿಜಾಕ್ಷಿ, ಗಣಿತ ಸಹಶಿಕ್ಷಕಿ,
ಒಂದು ಕಾಲಮ್ಮನ್ನೂ ಖಾಲಿ ಬಿಟ್ಟಿಲ್ಲ.
ಗಾಂಧಿ ಬಜಾರಿನಲ್ಲಿ ಚೌಕಟ್ಟು ಹಾಕಿಸಿದ್ದು ನಾನೇ,
ನನ್ನದೇ ದುಡ್ಡಲ್ಲಿ.

ಮೊನ್ನೆ ಸಮಾಜದ ಮೇಷ್ಟ್ರು ರಜೆ.
ಹತ್ತನೇ ಬಿ ಸೆಕ್ಷನ್ನು, ಎರಡನೇ ಮಹಾಯುದ್ಧದ ಪಾಠ.
ಪುಸ್ತಕದಲ್ಲಿ ಯಹೂದಿಗಳಿಗೆ ಒಂದೇ ಸಾಲು. ಅರವತ್ತು ಲಕ್ಷ, ಪೂರ್ಣವಿರಾಮ.
ನನಗೆ ಬರುವುದು ಲೆಕ್ಕ, ಲೆಕ್ಕವನ್ನೇ ಮಾಡಿಸಿದೆ.
ಹಾಲೆಂಡ್ ಸಾಕು ಎಂದೆ, ಚಿಕ್ಕ ದೇಶ.
ಒಂದು ಲಕ್ಷ ನಲವತ್ತು ಸಾವಿರ ಇದ್ದರು,
ಒಂದು ಲಕ್ಷ ಎರಡು ಸಾವಿರ ಕಳೆ.

‘ಸೊನ್ನೆಯಲ್ಲಿ ಎರಡು ಹೋಗಲ್ಲ ಮಿಸ್,
ಪಕ್ಕದ ಮನೆಯಿಂದ ಕಡ ತರಬೇಕು’
ಎಂದಳು ಅಫ್ಶೀನ್,
ಮೂರನೇ ಕ್ಲಾಸಲ್ಲಿ ಯಾರೋ ಕಲಿಸಿದ ಮಾತು.

ಪಕ್ಕದ ಮನೆ.
ಅಲ್ಲಿ ಕೆಲವರು ಕದ ತೆರೆದು ಅಟ್ಟದಲ್ಲಿ ಜಾಗ ಮಾಡಿಕೊಟ್ಟರು.
ಹೆಚ್ಚಿನವರು ಪರದೆ ಎಳೆದುಕೊಂಡರು.
ಚಾಕ್‌ಪೀಸು ಹಿಡಿದು ನಾನು ನಿಂತೇ ಇದ್ದೆ,
ಮಕ್ಕಳು ನಾಲ್ಕನ್ನು ಹೊಡೆದು ಮೂರು ಮಾಡಿ
ಉತ್ತರದ ಕೆಳಗೆ ಎರಡು ಗೆರೆ ಎಳೆದಾಗಿತ್ತು.

ರಾತ್ರಿ ಕೂತು ಓದಿದೆ.
ಅಷ್ಟೊಂದು ಜನ ಸಿಕ್ಕಿಬಿದ್ದದ್ದಕ್ಕೆ ಒಂದು ಕಾರಣ
ಅಲ್ಲಿನ ದಫ್ತರ ಬಹಳ ಅಚ್ಚುಕಟ್ಟಾಗಿತ್ತಂತೆ:
ಹೆಸರು, ಬೀದಿ, ಮನೆ ನಂಬರು, ಧರ್ಮ.
ಯಾರದೋ ದುಂಡು ಅಕ್ಷರ. ಅವನೂ ಖಾಲಿ ಬಿಟ್ಟವನಲ್ಲ.
ಸಂಜೆ ಬೆರಳ ಶಾಯಿ ತೊಳೆದು ಮನೆಗೆ ಹೋಗಿ
ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಂಡಿರಬೇಕು.

ಕಳೆ ಎಂದರೆ ನನಗೆ ಲೆಕ್ಕ ಅಷ್ಟೇ ಆಗಿತ್ತು.
ಗದ್ದೆಯಲ್ಲಿ ಬಗ್ಗಿ ಅಪ್ಪ ಬೈಯುತ್ತಿದ್ದ ಕಳೆ ಬೇರೆ,
ಬೇರು ಉಳಿಯದಂತೆ ಕೀಳುವಂಥದ್ದು.
ಅದೇ ಕಣ್ಣಿಂದ ಯಾರೋ
ನಿಂತ ಮನುಷ್ಯರ ಸಾಲನ್ನು ನೋಡಿದ್ದರು.
ಇನ್ನೊಂದುಂಟು, ಎಣ್ಣೆ ನೀರಾದ ಮೇಲೆ ಅಮ್ಮ
ಗಲ್ಲ ಹಿಡಿದು ಹೇಳುತ್ತಿದ್ದುದು, ಮುಖದ ಕಳೆ.
ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಯುದ್ಧಕ್ಕೆ ಮುಂಚೆ ಜಗತ್ತಿನಲ್ಲಿ ಅವರು
ಒಂದು ಕೋಟಿ ಅರವತ್ತಾರು ಲಕ್ಷ.
ಅರವತ್ತೈದು ವರ್ಷ ಕಳೆದರೂ ಆ ಅಂಕಿ
ಇನ್ನೂ ತುಂಬಿಲ್ಲ ಎಂದೆ ಮರುದಿನ.
‘ಹುಟ್ಟದೇ ಹೋದವರನ್ನ ಯಾವ ಸಾಲಲ್ಲಿ ಬರೆಯೋದು ಮಿಸ್?’
ಬೆಲ್ಲು ಹೊಡೆಯಿತು. ಒಳ್ಳೆಯದಾಯಿತು.

ಇವತ್ತು ಎಂಬತ್ತೆರಡನೇ ಮನೆ.
ಹೊಸಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಮುದುಕಿ
ಹೆಸರು ಹೇಳಿದಳು, ವಯಸ್ಸು ಅಂದಾಜಿಗೆ ಹೇಳಿದಳು.
‘ಇದೆಲ್ಲ ಬರ್ಕೊಂಡು ಏನ್ಮಾಡ್ತೀರಮ್ಮ?’
ಅಕ್ಕಿ, ಸ್ಕೂಲು, ರಸ್ತೆ ಎಂದೆ,
ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದು.
ಅವಳು ನಂಬಿದಳು. ಮಣೆ ಹಾಕಿ ಕೂರಿಸಿ
ನೀರು ತರಲು ಒಳಗೆ ಹೋದಳು.

ಮುಂದಿನ ಕಾಲಮ್ಮಿನ ಮೇಲೆ
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ,
ತೆಗೆದೆ.