ವ್ಯಪಗತ

ಮಾರ್ಚ್ ಮೂವತ್ತೊಂದು. ರಾತ್ರಿ ಒಂಬತ್ತೂಕಾಲು.
ವಿರಾಜಪೇಟೆಯ ಉಪಖಜಾನೆಯಲ್ಲಿ
ಸರ್ವರ್ ಮತ್ತೆ ಮಲಗಿದೆ.
ಗುತ್ತಿಗೆದಾರರು ಮೆಟ್ಟಿಲ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದಾರೆ.
ಮುದ್ದಯ್ಯ ಸಾರ್ ಮಾನಿಟರಿಗೆ ಕೈಮುಗಿದು
ಫೋನಿನಲ್ಲಿ ಹೆಂಡತಿಗೆ, ನೀನು ಉಂಡು ಮಲಗು ಎನ್ನುತ್ತಿದ್ದಾರೆ.

ಇಪ್ಪತ್ತಾರು ವರ್ಷದಿಂದ ನಾನು
ದೇಶವನ್ನು ನಾಲ್ಕಂಕಿಗಳಲ್ಲಿ ಓದಿದವಳು.
ಇಪ್ಪತ್ತೆರಡು ಸೊನ್ನೆ ಎರಡು ಅಂದರೆ ಶಾಲೆ.
ಇಪ್ಪತ್ತೆರಡು ಹತ್ತು, ಆಸ್ಪತ್ರೆ.
ಮೂವತ್ತು ಐವತ್ನಾಲ್ಕು, ರಸ್ತೆ, ಸೇತುವೆ.
ಇಪ್ಪತ್ತೆರಡು ನಲವತ್ತೈದು ಅಂದರೆ
ಗುಡ್ಡ ಜಾರಿದ ವರ್ಷ;
ಆಗ ಆ ಅಂಕಣವೊಂದು ಕೇಳದೆಯೇ ತುಂಬಿತ್ತು.
ಇಪ್ಪತ್ತು ನಲವತ್ತೊಂಬತ್ತು, ಅದು ಬಡ್ಡಿ.
ಅದು ಯಾರ ಸಹಿಗೂ ಕಾಯುವುದಿಲ್ಲ,
ಮನೆ ಅಳಿಯನ ಹಾಗೆ
ಮೊದಲ ಪಂಕ್ತಿಯಲ್ಲೇ ಕೂತು ಉಣ್ಣುತ್ತದೆ.
ಆಮೇಲೆ ಸಂಬಳ, ಆಮೇಲೆ ಪಿಂಚಣಿ
(ನಾಳೆ ನನ್ನದೂ ಅದರಲ್ಲೇ, ಸುಳ್ಳು ಹೇಳಲಾರೆ).
ಸೌಟು ತಳ ಕೆರೆಯುವ ಸದ್ದು ಕೇಳುವಾಗ
ಉಳಿದ ನಂಬರುಗಳು ಎಲೆ ಹಿಡಿದು ನಿಂತಿರುತ್ತವೆ.

ಮಧ್ಯಾಹ್ನ ಬಂದಿದ್ದಳು ಚುಂಡೆ,
ಚೇರ್‌ತೋಡು ಹಾಡಿಯವಳು, ಶಾಲೆಯ ಬಿಸಿಯೂಟ ಬೇಯಿಸುವವಳು.
"ಮೂರು ತಿಂಗಳ ದುಡ್ಡು ಬಂದಿಲ್ಲ ಅಕ್ಕ."
ಬೇಡುವ ದನಿಯಲ್ಲ,
ಉಪ್ಪು ಮುಗಿದಿದೆ ಎನ್ನುವ ದನಿ.
ಬಿಲ್ಲು ಇದೆ, ಶೀರ್ಷಿಕೆಯಲ್ಲಿ ಹಣವಿಲ್ಲ.
ಪಕ್ಕದ ಶೀರ್ಷಿಕೆಯಲ್ಲಿ ಹಣವಿದೆ, ಬಿಲ್ಲಿಲ್ಲ.
ನಡುವೆ ಒಂದು ಗೆರೆ. ಅದನ್ನು ದಾಟಿಸಲು
ಬೆಂಗಳೂರಿನಿಂದ ಆದೇಶ ಬರಬೇಕು.
"ನಮ್ಮ ತೋಡಿನ ಹಾಗೆ," ಅಂದಳು.
ಜೂನ್ ಬಂತೆಂದರೆ ಶಾಲೆ ಆಚೆ, ಮಕ್ಕಳು ಈಚೆ,
ಅಕ್ಕಿ ಆಚೆ, ಬೇಯಿಸುವವಳು ಈಚೆ.

ಆಮೇಲೆ ಕೇಳಿದಳು:
"ನಮ್ಮ ಹಾಡಿಗೆ ನಂಬರ್ ಎಷ್ಟು?"

ಇದೆ. ಇಪ್ಪತ್ತೆರಡು ಇಪ್ಪತ್ತೈದು.
ತೆರೆದು ನೋಡಿದೆ.
ದುಡ್ಡು ಬಂದಿದೆ, ಖರ್ಚೂ ಆಗಿದೆ:
ಕರೆಂಟಿನ ಹೊಲಿಗೆ ಯಂತ್ರ, ನಲವತ್ತು,
ಕಂಬ ಕಾಣದ ಹಾಡಿಗೆ.
ಪೊನ್ನಂಪೇಟೆಯ ಗೋದಾಮಿನಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿವೆಯಂತೆ
ಮನೆ ತಪ್ಪಿ ಬಂದ ದಿಬ್ಬಣದ ಹಾಗೆ.
ಕಾಲುಸೇತುವೆಯ ಎರಡು ಲಕ್ಷ ನಲವತ್ತು ಸಾವಿರ ಮಾತ್ರ
ಇಟ್ಟಲ್ಲೇ ಇದೆ,
ಅಂದಾಜುಪಟ್ಟಿಗೆ ಒಂದು ಸಹಿ ಬೀಳದೆ.
ಇವತ್ತು ಹನ್ನೆರಡಕ್ಕೆ ಹೋಗುತ್ತದೆ.

ಮನುಷ್ಯ ಹೋದರೆ ದಿವಂಗತ.
ದುಡ್ಡು ಹೋದರೆ ವ್ಯಪಗತ.
ಎರಡಕ್ಕೂ ನಮ್ಮಲ್ಲಿ ಅಚ್ಚಾದ ನಮೂನೆಯಿದೆ.

ಎರವು ಅಂದರೆ ಸಾಲ.
ಎರವರ ಹೆಸರು ಅಲ್ಲಿಂದಲೇ ಬಂತೆಂದು
ಯಾರೋ ಬರೆದಿಟ್ಟಿದ್ದಾರಂತೆ.
ಸರಿಯೋ ತಪ್ಪೋ, ನನಗೆ ಗೊತ್ತಿರುವುದು ಲೆಕ್ಕ.
ಬಡ್ಡಿಯ ಪುಟ ತೆರೆದರೆ ಸಾಕು,
ಎರವಿನಲ್ಲಿ ಬದುಕುವವರು ಯಾರೆಂದು ತಿಳಿಯುತ್ತದೆ.
ಚುಂಡೆ ಯಾರಿಗೂ ಕಾಸು ಬಾಕಿಯಿಲ್ಲ.
ಮೂರು ತಿಂಗಳಿಂದ ಸರ್ಕಾರಕ್ಕೆ ಅವಳೇ ಸಾಲ ಕೊಟ್ಟಿದ್ದಾಳೆ,
ಪತ್ರವಿಲ್ಲದೆ, ಬಡ್ಡಿಯಿಲ್ಲದೆ,
ದಿನಾ ಅರುವತ್ತು ತಟ್ಟೆಯ ಲೆಕ್ಕದಲ್ಲಿ.

ಹನ್ನೊಂದು ಇಪ್ಪತ್ತಕ್ಕೆ ಸರ್ವರ್ ಎದ್ದಿತು.
ಮೆಟ್ಟಿಲ ಮೇಲಿನವರೂ ಎದ್ದರು.
ಪಾಸಾಯಿತು: ಮಕ್ಕಳಿಲ್ಲದೆ ಮುಚ್ಚಿದ ಶಾಲೆಗೆ ಕಾಂಪೌಂಡು.
ಪಾಸಾಯಿತು: ಆನೆ ಕಂದಕ. ಹೋದ ವರ್ಷದ್ದೇ ಕಂದಕ,
ಮಳೆ ಮುಚ್ಚುತ್ತದೆ, ನಾವು ತೋಡುತ್ತೇವೆ,
ಆನೆಗಳು ಅನುಮೋದನೆಗೆ ಕಾಯದೆ ದಾಟುತ್ತವೆ.
ಪಾಸಾಯಿತು: ಸ್ವಾಗತ ಕಮಾನು, ನಾಲ್ಕನೆಯದು.
ಬೆರಳು ಒತ್ತುತ್ತಲೇ ಇತ್ತು.
ನನ್ನದೇ ಬೆರಳು.

ಹನ್ನೆರಡು.
ಎಲ್ಲ ಅಂಕಣವೂ ಸೊನ್ನೆ.
ಹೊರಗೆ ದಪ್ಪ ಹನಿ ಬಿದ್ದು ಮಣ್ಣು ನಾರಿತು.
"ಹೂಮಳೆ!" ಎಂದರು ಮುದ್ದಯ್ಯ ಸಾರ್,
ತಮ್ಮ ಹತ್ತೆಕರೆ ಕಾಫಿ ನೆನೆದು,
ಇಡೀ ದಿನದಲ್ಲಿ ಮೊದಲ ಸಲ ನಕ್ಕು.
ನನಗೆ ನೆನಪಾದದ್ದು ತೋಡು.
ಹೋಗುವಾಗ ಚುಂಡೆ ಹೇಳಿದ್ದಳು,
"ಮಳೆಗಾಲಕ್ಕೆ ಮೊದಲು ಎರಡು ಮರ ಅಡ್ಡ ಹಾಕ್ತೇವೆ ಅಕ್ಕ,
ಹೋದ ಸಲದ್ದು ಕೊಚ್ಚಿಹೋಯ್ತು.
ಹನ್ನೊಂದು ಜನ, ಒಂದು ದಿನ. ಬಳ್ಳಿ ಕಾಡಿನದ್ದು."

ಯಾವ ಶೀರ್ಷಿಕೆಗೆ ಹಾಕಲಿ ಇದನ್ನ?
ಕೊಡೆ ಮರೆತ ನೆಪದಲ್ಲಿ ಒಳಗೆ ಮರಳಿ
ಸ್ವೀಕೃತಿ ವಹಿಯ ಅಂಚಿನಲ್ಲಿ
ಬರೆದೆ: ಮರ, ಎರಡು.
ಪೆನ್ಸಿಲಿನಲ್ಲಿ.
ಆಡಿಟ್ಟಿನವರು ಕೇಳಿದರೆ
ಅಳಿಸಲು ಬರುತ್ತದೆ.