ಖಾಲಿ ತೂಕ

ಮೊದಲು ತೂಗಿದೆ.
ಸಿದ್ದಾಪುರದ ತೂಕದ ಕಟ್ಟೆಗೆ
ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು
ಒಲ್ಲದ ಹೋರಿಯಂತೆ ಬಂತು ಜೋಂಗಾ:
ಸಾವಿರದ ಒಂಬೈನೂರ ಅರವತ್ತು ಕಿಲೋ.

ಹದಿನೇಳು ವರ್ಷ ಈ ಕಿಟಕಿಯ ಹಿಂದೆ ಕೂತು
ಕಾಫಿ ಲಾರಿ, ಮರದ ಲಾರಿ, ಶುಂಠಿಯ ಪಿಕಪ್ಪು,
ಎಲ್ಲದರ ಖಾಲಿ ತೂಕ ನನಗೆ ಬಾಯಿಪಾಠ.
ನನ್ನದು ಅನ್ನುವ ಗಾಡಿ ಕಟ್ಟೆ ಏರಿದ್ದು ಅಂದೇ.

ಕೊಟ್ಟದ್ದು ಅರವತ್ತೆರಡು ಸಾವಿರ.
"ಚೇಚೀ, ಗುಜರಿಯವನೂ ಇಷ್ಟು ಕೊಡೂದಿಲ್ಲ"
ಅಂದ ಸೈದಾಲಿ. ಬಾನೆಟ್ಟು ಎತ್ತಿ ನೋಡಿ
ಮೆಲ್ಲಗೆ ಇಳಿಸಿದ,
ಸತ್ತವರ ಮುಖಕ್ಕೆ ಬಟ್ಟೆ ಎಳೆಯುವ ಹಾಗೆ.
ಆಮೇಲೆ ಮತ್ತೆ ಎತ್ತಿದ.
ನನಗೆ ಧೈರ್ಯ ಬಂದದ್ದು ಆ ಎರಡನೇ ಸಲಕ್ಕೆ.

ಪಟ್ಟಾಳದವರು ಹರಾಜಿನಲ್ಲಿ ಬಿಟ್ಟದ್ದಂತೆ.
ಆಮೇಲೆ ಡಿಪೋದಲ್ಲಿ ಸಿಲ್ವರ್ ಮರ ಎಳೆಯಿತು.
ಪೆಟ್ರೋಲಿನ ಆರು ಗುಂಡಿಗೆ ಕಿತ್ತು
ಯಾರೋ ಪರ್ಕಿನ್ಸ್ ಡೀಸೆಲ್ ಕೂರಿಸಿದರು.
ಚಾಸಿಗೆ ಗೊತ್ತೇ ಆಗಲಿಲ್ಲ
ಅನ್ನುವಂತಿಲ್ಲ; ಬೆಸುಗೆಯ ಗಾಯ ಎದ್ದು ಕಾಣುತ್ತದೆ.

ಬಿಚ್ಚುತ್ತ ಹೋದೆವು.
ಡ್ಯಾಶ್‌ಬೋರ್ಡಿನೊಳಗೆ ಇಲಿಗೂಡು,
ಗೂಡಿಗೆ ಹಾಸಿದ್ದು ಕೇರಳ ಲಾಟರಿಯ ಚೂರು.
ಸೀಟಿನಡಿ ಎರಡು ಹಿಡಿ ಕರಿಮೆಣಸು,
ತೋಟೆಯ ಹಿತ್ತಾಳೆ ತಳ,
ಯಾವುದೋ ಮಗುವಿನ ಒಂದೇ ಚಪ್ಪಲಿ.
ಬಣ್ಣ ಕೆರೆದರೆ ನೀಲಿ, ನೀಲಿಯಡಿ ಬಿಳಿ,
ಬಿಳಿಯಡಿ ಸೋತ ಯಾರದೋ ಚುನಾವಣೆಯ ಚಿಹ್ನೆ,
ಅದರಡಿ ಹಲಸಿನೆಲೆಯ ಪಟ್ಟಾಳದ ಹಸಿರು.
ಅದರಡಿ ಬರೀ ಕಬ್ಬಿಣ.
ಕಬ್ಬಿಣ ಏನೂ ಹೇಳಲಿಲ್ಲ.

ತುಕ್ಕು ಹಿಡಿದ ಬೋಲ್ಟಿಗೆ ಅವಸರ ತೋರಿಸಬಾರದು.
ಡೀಸೆಲ್ ಕುಡಿಸಿ, ರಾತ್ರಿಯೆಲ್ಲ ಬಿಟ್ಟು,
ಬೆಳಿಗ್ಗೆ ಬೇರೇನೋ ಯೋಚಿಸುತ್ತಿರುವವಳಂತೆ
ತಿರುಗಿಸಬೇಕು.
ಕೆಲವು ಆಗಲೂ ಮುರಿದವು.
ಅವುಗಳ ತಲೆಗಳು ಈಗಲೂ ಇವೆ
ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕ.

ಕಕ್ಕಡವಿಡೀ ಪ್ಲಾಸ್ಟಿಕ್ ಹೊದ್ದು ಕೂತಿತ್ತು.
ಪಂಪು ಮೈಸೂರಿಗೆ ಹೋದದ್ದು ಬರಲೇ ಇಲ್ಲ.
ದಾರಿಯಲ್ಲಿ ಸಿಕ್ಕವರು ಕೇಳಿದರು:
ಮಾಂದಲ್‌ಪಟ್ಟಿಗೆ ಟೂರಿಸ್ಟು ಹೊಡೀತೀಯಾ ಬೊಳ್ಳಮ್ಮ?
ಮದುವೆ ದಿಬ್ಬಣಕ್ಕೆ ಕೊಡ್ತೀಯಾ?
ಎಂತಕ್ಕೆ ನಿನಗಿದು?
"ತೂಗ್ಲಿಕ್ಕೆ" ಅಂದೆ. ನಕ್ಕರು. ನಾನೂ ನಕ್ಕೆ.
ಬೇರೆ ಉತ್ತರ ಇರಲಿಲ್ಲ.

ಒಂದು ರಾತ್ರಿ ಎರಡೂವರೆಗೆ
ಹಾರ್ನು ತಾನಾಗಿ ಕೂಗಿತು.
ಒದ್ದೆ ವಯರು ಒಂದಕ್ಕೊಂದು ತಾಗಿದ್ದು, ಅಷ್ಟೇ.
ಆನೆ ಬಂತೆಂದು ಲೈನುಮನೆಯವರು ಪಟಾಕಿ ಹೊಡೆದರು.
ಛತ್ರಿಯಿಲ್ಲದೆ ಓಡಿ ಬ್ಯಾಟರಿಯ ಕೇಬಲ್ ಕಿತ್ತೆ.
ಕಿತ್ತ ಮೇಲೂ ಸ್ವಲ್ಪ ಹೊತ್ತು
ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದೆ,
ಜ್ವರ ನೋಡುವ ಹಾಗೆ.

ಹುತ್ತರಿ ಕಳೆದ ಎರಡನೇ ಸೋಮವಾರ ಎಂಜಿನ್ ಹಿಡಿಯಿತು.
ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು,
ಆಮೇಲೆ ಸೈದಾಲಿಯ ಬೈಗುಳ, ಆಮೇಲೆ
ಅವನ ಬೈಗುಳವೂ ಕೇಳಿಸದಷ್ಟು ಸದ್ದು.
ಮೂರನೇ ಗೇರು ಮಾತ್ರ ಇಳಿಜಾರಿನಲ್ಲಿ ಜಾರುತ್ತದೆ,
ಮೊಣಕಾಲೊತ್ತಿ ಹಿಡಿಯಬೇಕು.
"ಬಾಕ್ಸು ಇನ್ನೊಮ್ಮೆ ಇಳಿಸುವ" ಅಂದ.
ಬೇಡ ಅಂದೆ.

ಮತ್ತೆ ಕಟ್ಟೆಗೆ.
ಕಿಟಕಿಯ ಹಿಂದೆ ಇವತ್ತು ಬಿಜು.
ಕೆಂಪು ಅಂಕಿಗಳು ತಡವರಿಸಿ ನಿಂತವು:
ಸಾವಿರದ ಎಂಟುನೂರ ನಲವತ್ತು.
ನೂರಿಪ್ಪತ್ತು ಕಿಲೋ ಎಲ್ಲಿ?
ಕೆಸರು, ತುಕ್ಕು, ನಾಲ್ಕು ಪದರ ಬಣ್ಣ, ಇಲಿಗೂಡು,
ಹೇಗೆ ಕೂಡಿದರೂ ಲೆಕ್ಕ ತುಂಬುವುದಿಲ್ಲ.
ಬಿಜು ಮೈಕಿನಲ್ಲಿ ಕೆಮ್ಮಿದ.
"ಅಕ್ಕಾ, ಖಾಲಿ ತೂಕ ಅಂದ್ರೆ ಡ್ರೈವರ್ ಇಳೀಬೇಕು."
ನನ್ನದೇ ಮಾತು, ನನ್ನದೇ ರಾಗ,
ದಿನಕ್ಕೆ ಮೂವತ್ತು ಸಲ ನಾನು ಕೂಗಿದ್ದು.

ಇಳಿಯಲಿಲ್ಲ.
ಹೀಗೇ ಬರಕೋ, ಅಂದೆ.

ಚೀಟಿ ಇಸಕೊಂಡು ನೆಲ್ಯಹುದಿಕೇರಿಯ ಕಡೆ ಬಿಟ್ಟೆ.
ಹೊಳೆಯ ಸೇತುವೆಗೆ ಇಳಿಯುವಾಗ
ಮೂರನೇ ಗೇರು ಜಾರಿತು.
ಹಿಡಿದೆ.